ದುಡಿಮೆ ಮರಳಿತು, ಒಡವೆ ಮರಳಲಿಲ್ಲ

ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಪ್ರಕಟಣೆ ಬರುತ್ತದೆ. ಅದನ್ನು ಓದಲೆಂದು ಯಾರೂ ಪತ್ರಿಕೆ ಕೊಳ್ಳುವುದಿಲ್ಲ. ಕಣ್ಣಿಗೆ ಹಿಡಿಯದಷ್ಟು ಸಣ್ಣ ಅಕ್ಷರಗಳಲ್ಲಿ ಊರುಗಳ ಹೆಸರು, ಪ್ರತಿ ಊರಿನ ಮುಂದೆ ಸಾಲದ ಖಾತೆ ಸಂಖ್ಯೆಗಳ ಉದ್ದ ಸಾಲು, ಕೊನೆಯಲ್ಲಿ ಇಂಥ ತಾರೀಕು ಇಂಥ ಶಾಖೆಯಲ್ಲಿ ಅಡವಿಟ್ಟ ಚಿನ್ನಾಭರಣಗಳನ್ನು ಬಹಿರಂಗ ಹರಾಜು ಹಾಕಲಾಗುವುದು ಎಂಬ ಒಕ್ಕಣೆ. ಯಾರ ಮನೆಯದು, ಯಾವ ಒಡವೆ ಎಂಬುದು ಅದರಲ್ಲಿರುವುದಿಲ್ಲ. ಗುಂಡಿನ ಸರವೋ, ಜುಮುಕಿಯೋ, ಹುಟ್ಟಲಿರುವ ಮೊಮ್ಮಗುವಿಗೆಂದು ಅಜ್ಜಿ ಮಾಡಿಸಿಟ್ಟ ಉಂಗುರವೋ, ಎಲ್ಲವೂ ಬರೀ ಒಂದು ಸಂಖ್ಯೆ. 2021ರಲ್ಲಿ ಇಂಥ ಹರಾಜುಗಳು ದೇಶದಾದ್ಯಂತ ಏಕಾಏಕಿ ಏರಿದವು. ಚಿನ್ನದ ಸಾಲ ಕೊಡುವ ಒಂದು ದೊಡ್ಡ ಕಂಪನಿಯಂತೂ ಆ ವರ್ಷದ ಮೊದಲ ಮೂರು ತಿಂಗಳಲ್ಲೇ ಸುಮಾರು 400 ಕೋಟಿ ರೂಪಾಯಿಯ ಚಿನ್ನವನ್ನು ಹರಾಜು ಹಾಕಿತು.

ಕೋವಿಡ್ ಬಡಿದ ಮನೆಗಳು ಚೇತರಿಸಿಕೊಂಡವೇ ಎಂದು ಕೇಳುವವರಿಗೆ ಜಿಡಿಪಿಯ ಅಂಕಿ ತೋರಿಸುವುದು ರೂಢಿ. 2020-21ರಲ್ಲಿ ದೇಶದ ಉತ್ಪನ್ನ ಶೇ 5.8ರಷ್ಟು ಕುಸಿಯಿತು, ಮರುವರ್ಷ ಶೇ 9.7ರಷ್ಟು ಏರಿತು, ಅಲ್ಲಿಗೆ ಕಥೆ ಮುಗಿಯಿತು ಎಂಬ ಧಾಟಿ. ಈ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅಂಗಡಿಗಳು ತೆರೆದವು, ಬಸ್ಸುಗಳು ತುಂಬಿದವು, ಕೂಲಿಯೂ ಒಂದಿಷ್ಟು ಏರಿತು. ಆದರೆ ಇದೆಲ್ಲ ಒಂದು ವರ್ಷದ ಗಳಿಕೆಯ ಲೆಕ್ಕ. ಗಳಿಕೆ ನಿಂತಿದ್ದ ತಿಂಗಳುಗಳಲ್ಲಿ ಮನೆ ಬದುಕಿದ್ದು ಯಾವುದರಿಂದ ಎಂಬ ಲೆಕ್ಕ ಬೇರೆಯೇ ಇದೆ. ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನೇ ಕುಟ್ಟಿ ಉಂಡ ರೈತನಿಗೆ ಮುಂದಿನ ವರ್ಷ ಒಳ್ಳೆ ಮಳೆ ಬಂದರೂ ಬೀಜ ಕೊಳ್ಳಲು ಸಾಲ ಮಾಡಬೇಕು. ನಮ್ಮ ಲಕ್ಷಾಂತರ ಮನೆಗಳ ಪಾಡು ಅದೇ ಆಯಿತು. ಹಾಗಾಗಿ ಮನೆಯ ಚೇತರಿಕೆಯನ್ನು ಬಂದ ಆದಾಯದಿಂದ ಅಳೆಯದೆ, ಕಳೆದುಹೋದ ಆಸರೆ ಎಷ್ಟರಮಟ್ಟಿಗೆ ಮತ್ತೆ ಕೈಸೇರಿತು ಎಂಬುದರಿಂದ ಅಳೆಯಬೇಕು ಎಂಬುದು ನನ್ನ ವಾದ.

ಚಿನ್ನದ್ದನ್ನೇ ನೋಡಿ. ಇಪ್ಪತ್ತು ಗ್ರಾಂನ ಒಂದು ಸರವಿರುವ ಮನೆಯೊಂದನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. 2020ರ ಆಗಸ್ಟ್‌ನಲ್ಲಿ ಆಭರಣ ಚಿನ್ನದ ಬೆಲೆ ಗ್ರಾಂಗೆ ಐದು ಸಾವಿರದ ಆಸುಪಾಸಿನಲ್ಲಿತ್ತು. ಸರದ ಬೆಲೆ ಹತ್ತಿರ ಹತ್ತಿರ ಒಂದು ಲಕ್ಷ. ಆ ತಿಂಗಳೇ ರಿಸರ್ವ್ ಬ್ಯಾಂಕ್, ಚಿನ್ನದ ಬೆಲೆಯ ಶೇ 75ರಷ್ಟು ಮಾತ್ರ ಸಾಲ ಕೊಡಬಹುದೆಂಬ ಮಿತಿಯನ್ನು ಬ್ಯಾಂಕುಗಳ ಮಟ್ಟಿಗೆ ಶೇ 90ಕ್ಕೆ ಏರಿಸಿತು. ಜನರ ಕೈಗೆ ಹೆಚ್ಚು ದುಡ್ಡು ಸಿಗಲಿ ಎಂಬ ಸದುದ್ದೇಶ. ಆದರೆ ಸರದ ಬೆಲೆಗೂ ಸಾಲಕ್ಕೂ ನಡುವೆ ಇದ್ದ ಅಂತರ ಅಷ್ಟರಮಟ್ಟಿಗೆ ತೆಳುವಾಯಿತು. ಮುಂದಿನ ಮಾರ್ಚ್‌ ಹೊತ್ತಿಗೆ ಚಿನ್ನದ ಬೆಲೆ ಇಳಿಯಿತು, ಬಡ್ಡಿ ಏರುತ್ತಲೇ ಇತ್ತು, ಸರ ಹರಾಜಿಗೆ ಹೋಯಿತು. 2025ರಲ್ಲಿ ಚಿನ್ನ ಗ್ರಾಂಗೆ ಹತ್ತು ಸಾವಿರ ದಾಟಿತು. ಅದೇ ಸರ ಆಗ ಬೇಕೆಂದರೆ ಎರಡು ಲಕ್ಷಕ್ಕೂ ಮಿಕ್ಕಿ ಬೇಕಿತ್ತು, ಮಜೂರಿ ಬೇರೆ. ಆ ಐದು ವರ್ಷದಲ್ಲಿ ಆ ಮನೆಯವರ ಕೂಲಿ ಎರಡರಷ್ಟಾಯಿತೇ? ಆದಾಯದ ಸಮೀಕ್ಷೆಯಲ್ಲಿ ಈ ಮನೆ ಚೇತರಿಸಿಕೊಂಡ ಮನೆ. ಆ ಮನೆಯ ಹೆಂಗಸಿನ ಕೊರಳಲ್ಲಿ ಅರಿಶಿನದ ದಾರವಿದೆ, ಅಷ್ಟೆ.

ಚಿನ್ನದ ವಿಚಾರ ಬಂದಾಗ ಓದಿದವರು ಸ್ವಲ್ಪ ಮೂಗು ಮುರಿಯುವುದುಂಟು. ಸತ್ತ ಬಂಡವಾಳ, ಹೆಂಗಸರ ಹುಚ್ಚು ಎಂದೆಲ್ಲ. ಅಂಥವರಿಗೆ ಪ್ರಾವಿಡೆಂಟ್ ಫಂಡ್ ಇರುತ್ತದೆ, ಕಂಪನಿಯ ವಿಮೆ ಇರುತ್ತದೆ. ಕೂಲಿಯ ಮನೆಯಲ್ಲಿ ಆಸ್ಪತ್ರೆಗೂ ಒಡವೆಯೇ, ಬೋರ್‌ವೆಲ್ಲಿಗೂ ಒಡವೆಯೇ, ಮಗನ ಕಾಲೇಜಿಗೂ ಒಡವೆಯೇ. ಮನೆಯಲ್ಲಿ ಹೆಂಗಸಿನ ಹೆಸರಲ್ಲಿ ಇರುವ ಆಸ್ತಿಯೂ ಬಹುಮಟ್ಟಿಗೆ ಅದೊಂದೇ.

ಸರ್ಕಾರಗಳು ಏನೂ ಕೊಡಲಿಲ್ಲವೇ ಎಂದರೆ ಕೊಟ್ಟವು. ತಲೆಗೆ ಐದು ಕೆ.ಜಿ. ಪುಕ್ಕಟೆ ಧಾನ್ಯ ಕೊಟ್ಟದ್ದು ದೊಡ್ಡ ಕೆಲಸ. ಅದಿಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಭಯ. ಉದ್ಯೋಗ ಖಾತ್ರಿಯೂ ಕೈಹಿಡಿಯಿತು. 2019-20ರಲ್ಲಿ ದೇಶದಲ್ಲಿ ಸುಮಾರು 265 ಕೋಟಿ ಇದ್ದ ಮಾನವ ದಿನಗಳು ಮರುವರ್ಷ 389 ಕೋಟಿ ಮುಟ್ಟಿದವು. ಬೆಂಗಳೂರಿನಿಂದ ಬ್ಯಾಗು ಹೊತ್ತು ಊರಿಗೆ ಬಂದ ಹುಡುಗರು ಬದು ಹಾಕಿದರು, ಕೆರೆಯ ಹೂಳೆತ್ತಿದರು. ಕರ್ನಾಟಕದಲ್ಲಿ ಆಗ ದಿನಗೂಲಿ 275 ರೂಪಾಯಿ. ನೂರು ದಿನ ಪೂರ್ತಿ ಸಿಕ್ಕರೆ 27,500, ಅಂದರೆ ಒಬ್ಬ ಗಾರ್ಮೆಂಟ್ಸ್ ಹೆಣ್ಣುಮಗಳ ಮೂರು ತಿಂಗಳ ಸಂಬಳದ ಹತ್ತಿರ. ಪೂರ್ತಿ ಸಿಕ್ಕವರು ಕಡಿಮೆ. ರಾಜ್ಯ ಸರ್ಕಾರ 2020ರ ಮೇ ತಿಂಗಳಲ್ಲಿ ಪ್ರಕಟಿಸಿದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಆಟೊ, ಟ್ಯಾಕ್ಸಿ ಓಡಿಸುವವರಿಗೆ, ಕ್ಷೌರಿಕರಿಗೆ, ಅಗಸರಿಗೆ ಒಂದು ಸಲಕ್ಕೆ ಐದೈದು ಸಾವಿರ ಇತ್ತು. ಅದಕ್ಕೂ ತಾನು ಕ್ಷೌರಿಕನೇ ಎಂದು ಕಾಗದ ತೋರಿಸಬೇಕಿತ್ತು.

ಇಷ್ಟು ಬಿಟ್ಟರೆ ಉಳಿದ ಪರಿಹಾರದ ಬಹುಪಾಲು ಬಂದದ್ದು ಸಾಲದ ವೇಷದಲ್ಲಿ. ಬೀದಿ ವ್ಯಾಪಾರಿಗೆ ಪಿಎಂ ಸ್ವನಿಧಿಯಲ್ಲಿ ಹತ್ತು ಸಾವಿರ ಸಾಲ. ಸ್ವಸಹಾಯ ಸಂಘಗಳಿಗೆ ಅಡಮಾನವಿಲ್ಲದೆ ಕೊಡುವ ಸಾಲದ ಮಿತಿ ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷಕ್ಕೆ. ಆಗಲೇ ಸಾಲ ಇದ್ದವರಿಗೆ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟದಿರುವ ಸವಲತ್ತು. ಕಂತು ನಿಂತಿತೇ ಹೊರತು ಬಡ್ಡಿ ನಿಲ್ಲಲಿಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನಾದರೂ ಬಿಡಿ ಎಂದು ಜನ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅದು ಸಿಕ್ಕಿತು, ಪೂರ್ತಿ ಬಡ್ಡಿ ಮನ್ನಾ ಮಾಡಿ ಎಂಬ ಕೋರಿಕೆಯನ್ನು 2021ರ ಮಾರ್ಚ್‌ನಲ್ಲಿ ಕೋರ್ಟು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇಟ್ಟವರಿಗೂ ಬಡ್ಡಿ ಕೊಡಬೇಕಲ್ಲ ಎಂಬ ಮಾತಿನಲ್ಲಿ ನ್ಯಾಯವಿದೆ, ಒಪ್ಪೋಣ. ಆದರೆ ಬಾಗಿಲು ಹಾಕಿ ಕೂತಿರಿ ಎಂದು ಆಜ್ಞೆ ಮಾಡಿದ್ದು ಸರ್ಕಾರ. ಆ ಆಜ್ಞೆಯ ಖರ್ಚನ್ನು ಠೇವಣಿದಾರರೂ ಅಲ್ಲದ, ಸಾಲಗಾರರೂ ಅಲ್ಲದ ಮೂರನೆಯವರು, ಅಂದರೆ ಬೊಕ್ಕಸ, ಹೊರಬಹುದಿತ್ತು.

ಹಳ್ಳಿಗಳಲ್ಲಿ ಈ ಸಾಲದ ಬಾಲ ಎಲ್ಲಿಯವರೆಗೆ ಬೆಳೆಯಿತೆಂದು ನಾವು 2025ರ ಜನವರಿಯಲ್ಲಿ ನೋಡಿದೆವು. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೊ ಫೈನಾನ್ಸ್‌ನವರ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬಂತು. ಬೇರೆ ಜಿಲ್ಲೆಗಳಿಂದ ಆತ್ಮಹತ್ಯೆಗಳ ಸುದ್ದಿ ಬಂತು. ಫೆಬ್ರುವರಿ 12ರಂದು ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಬಿತ್ತು. ಅಷ್ಟು ಹೊತ್ತಿಗೆ ಕೊರೊನಾ ಹಳೆಯ ಮಾತಾಗಿತ್ತು, ಹಾಗಾಗಿ ಯಾರೂ ಎರಡನ್ನೂ ಗಂಟು ಹಾಕಲಿಲ್ಲ. ಎಲ್ಲ ಸಾಲದ ಬೇರೂ 2020ರಲ್ಲಿದೆ ಎಂದು ಹೇಳುವುದು ತಪ್ಪಾಗುತ್ತದೆ. ಮಳೆ ಕೈಕೊಟ್ಟ 2023ರ ಬರವೂ ಇದೆ, ಮದುವೆ ಮುಂಜಿಯೂ ಇದೆ, ಕುಡಿತವೂ ಇದೆ. ಆದರೂ ಸಾಲದ ಒಂದು ದಾರಿ ಚೆನ್ನಾಗಿ ಗೊತ್ತಿರುವಂಥದ್ದು. ಒಡವೆ ಇರುವವರೆಗೆ ಒಡವೆ; ಅದು ಮುಗಿದ ಮೇಲೆ ಅಡಮಾನ ಕೇಳದವರ ಬಳಿಗೆ ಹೋಗಬೇಕು, ಮತ್ತು ಅಡಮಾನ ಕೇಳದವರು ಹೆಂಗಸರ ಗುಂಪಿನ ಮಾನವನ್ನೇ ಅಡವಾಗಿ ಇಟ್ಟುಕೊಳ್ಳುತ್ತಾರೆ. ಜನ ಅದಕ್ಕೂ ‘ಸಂಘ’ ಎಂದೇ ಅನ್ನುತ್ತಾರೆ. ವಾರಕ್ಕೊಮ್ಮೆ ಒಬ್ಬಾಕೆಯ ಜಗಲಿಯಲ್ಲಿ ಹತ್ತು ಜನ ಕೂರುವುದು, ಒಬ್ಬಳು ಕಂತು ತರದಿದ್ದರೆ ಉಳಿದ ಒಂಬತ್ತು ಜನ ಎದ್ದು ಹೋಗುವಂತಿಲ್ಲ. ಮೊದಲ ಸಂಘದ ಕಂತಿಗೆ ಎರಡನೇ ಸಂಘ, ಎರಡನೆಯದಕ್ಕೆ ಮೂರನೆಯದು. ಮನೆಯ ಒಟ್ಟು ಕಂತು ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ನಿಯಮ ಮಾಡಿತು. ಅದೇ ನಿಯಮಾವಳಿಯಲ್ಲಿ ಬಡ್ಡಿದರಕ್ಕಿದ್ದ ಮಿತಿಯನ್ನೂ ತೆಗೆದುಹಾಕಿತು. ಆದಾಯದ ಅರ್ಧ ಎಂಬುದೇ ಉದಾರವಾದ ಮಿತಿ. ತಿಂಗಳಿಗೆ ಹದಿನೈದು ಸಾವಿರ ಬರುವ ಮನೆಯಿಂದ ಏಳೂವರೆ ಸಾವಿರ ಕಂತಿಗೆ ಹೋದರೆ ಉಳಿದದ್ದರಲ್ಲಿ ಐದು ಜನ ಏನು ತಿಂದು ಏನು ಉಳಿಸುತ್ತಾರೆ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೆಲಸದಲ್ಲಿರುವ ಹೆಂಗಸರ ಪ್ರಮಾಣ ಏರಿದೆಯಲ್ಲ, ಅದು ಚೇತರಿಕೆಯ ಗುರುತಲ್ಲವೇ ಎಂದು. ಹೌದು, ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವ ಅಥವಾ ಕೆಲಸ ಹುಡುಕುವ ಹೆಂಗಸರು 2018-19ರಲ್ಲಿ ಶೇ 24.5 ಇದ್ದರು, 2023-24ರಲ್ಲಿ ಶೇ 41.7. ಕೇಳುವುದಕ್ಕೆ ಕ್ರಾಂತಿಯೇ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಕೋಷ್ಟಕ ನೋಡಿದರೆ ಉತ್ಸಾಹ ಇಳಿಯುತ್ತದೆ. ದುಡಿಯುವ ಹೆಂಗಸರಲ್ಲಿ ಸ್ವಂತ ಉದ್ಯೋಗದವರು ಎನಿಸಿಕೊಂಡವರು 2017-18ರಲ್ಲಿ ಶೇ 51.9 ಇದ್ದದ್ದು ಶೇ 67.4ಕ್ಕೆ ಏರಿದೆ. ಸ್ವಂತ ಉದ್ಯೋಗ ಎಂಬ ಈ ತಲೆಬರಹದ ಕೆಳಗೆ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಗೇಯುವವರೂ ಬರುತ್ತಾರೆ. ಇತ್ತ ಆಗಲೇ ದುಡಿಯುತ್ತಿದ್ದವರ ಗತಿ? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿಯ ಪ್ರಕಾರ, ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡು 2020ರ ಕೊನೆಗೂ ಮರಳದ ಗಂಡಸರು ಶೇ 7, ಹೆಂಗಸರು ಶೇ 47. ಶ್ರೀರಂಗಪಟ್ಟಣದಲ್ಲಿ 2020ರ ಜೂನ್‌ನಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಮುಚ್ಚಲು ಹೊರಟಾಗ ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು, ಧರಣಿ ಕೂತರು. ಅವರಲ್ಲಿ ಒಬ್ಬಾಕೆ ಈಗ ಮನೆಯ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದರೆ ಸಮೀಕ್ಷೆ ಆಕೆಯನ್ನು ಉದ್ಯೋಗಸ್ಥೆ ಎಂದೇ ಬರೆದುಕೊಳ್ಳುತ್ತದೆ. ಆಕೆಗೆ ಪಿ.ಎಫ್. ಇತ್ತು, ಇ.ಎಸ್.ಐ. ಕಾರ್ಡಿತ್ತು, ತಿಂಗಳ ಹತ್ತನೇ ತಾರೀಕು ಎಂಬುದೊಂದಿತ್ತು. ಅವು ಹೋದದ್ದಕ್ಕೆ ಕಾಲಂ ಇಲ್ಲ.

ಇದಿಷ್ಟು ದುಡ್ಡಿನ ಮಾತು. ಸಾಮಾಜಿಕ ಚೇತರಿಕೆ ಎಂದಾಗ ಆಪ್ತ ಸಮಾಲೋಚನೆ, ಮನೋಸ್ಥೈರ್ಯ ಎಂದು ಮಾತು ತೇಲಿಹೋಗುವುದು ಹೆಚ್ಚು. ನಾನು ಮುಯ್ಯಿಯ ವಿಷಯ ಹೇಳುತ್ತೇನೆ. ಹಳೇ ಮೈಸೂರಿನ ಹಳ್ಳಿಗಳ ಮದುವೆಯಲ್ಲಿ ಛತ್ರದ ಬಾಗಿಲ ಪಕ್ಕ ಒಂದು ಮೇಜು, ಅದರ ಹಿಂದೆ ಅಕ್ಷರ ದುಂಡಗಿರುವ ಒಬ್ಬ ನೆಂಟ, ಮುಂದೆ ಒಂದು ಉದ್ದ ನೋಟ್‌ಬುಕ್. ಬಂದವರ ಹೆಸರು, ಊರು, ಕೊಟ್ಟ ಮೊತ್ತ, ಎಲ್ಲ ಅದರಲ್ಲಿ ಬರೆಯಿಸಬೇಕು. ಆ ಪುಸ್ತಕವನ್ನು ಮನೆಯವರು ಪಹಣಿ ಪತ್ರದ ಜೊತೆ ಟ್ರಂಕಿನಲ್ಲಿ ಇಡುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಹೋಗುವಾಗ ಅದನ್ನು ತೆಗೆದು, ಅವರು ನಮಗೆ ಐನೂರು ಹಾಕಿದ್ದರು, ನಾವು ಸಾವಿರವಾದರೂ ಹಾಕಬೇಕು ಎಂದು ಲೆಕ್ಕ ನೋಡುತ್ತಾರೆ. ಬಡ್ಡಿ ಇಲ್ಲದ, ಬರಹದ ಕರಾರಿಲ್ಲದ, ಇಪ್ಪತ್ತು ಮೂವತ್ತು ವರ್ಷ ನಡೆಯುವ ಉಳಿತಾಯ ಇದು. ಮಗಳ ಮದುವೆಯ ದಿನ ಆ ಉಳಿತಾಯ ಕೈಗೆ ಬರುತ್ತದೆ.

ಈಗ 2020, 2021ರ ಮದುವೆಗಳನ್ನು ನೆನಪಿಸಿಕೊಳ್ಳಿ. ಐವತ್ತು ಜನಕ್ಕಿಂತ ಹೆಚ್ಚು ಸೇರುವಂತಿಲ್ಲ. ಸರಳ ಮದುವೆ ಬಂತು, ದುಂದು ನಿಂತಿತು ಎಂದು ನಮ್ಮಲ್ಲಿ ಹಲವರು ಸಂತೋಷಪಟ್ಟು ಬರೆದೂ ಬರೆದರು. ಇಪ್ಪತ್ತು ವರ್ಷ ಊರೂರು ತಿರುಗಿ ಮುಯ್ಯಿ ಹಾಕಿ ಬಂದ ಅಪ್ಪನ ಕಡೆಯಿಂದ ಅದನ್ನು ನೋಡಿದವರು ಕಡಿಮೆ. ಐವತ್ತು ಜನರ ಮದುವೆಯಲ್ಲಿ ಅವನ ಪುಸ್ತಕದ ಮುನ್ನೂರು ಹೆಸರುಗಳಿಗೆ ಬರುವ ಅವಕಾಶವೇ ಇರಲಿಲ್ಲ, ಬಾರದವರಿಂದ ಕೇಳಿ ಪಡೆಯುವ ಪದ್ಧತಿಯಿಲ್ಲ. ಖರ್ಚು ಉಳಿಯಿತು ನಿಜ, ಆದರೆ ಗಂಡಿನ ಕಡೆಗೆ ಕೊಡಬೇಕಾದ್ದು ಉಳಿಯಲಿಲ್ಲ. ಬರಬೇಕಾದ್ದು ಮಾತ್ರ ಬರಲಿಲ್ಲ. ಆಮೇಲೆ ಛತ್ರಗಳು ತೆರೆದಾಗ ಅವನು ಮತ್ತೆ ಉಳಿದವರ ಮನೆಯ ಮದುವೆಗಳಿಗೆ ಹೋಗಿ ಕೈ ತುಂಬ ಹಾಕಿ ಬರಬೇಕಾಯಿತು, ಏಕೆಂದರೆ ಹೋಗದಿದ್ದರೆ ಸಂಬಂಧವೇ ಕಡಿದುಹೋಗುತ್ತದೆ. ಇಂಥ ಮನೆಗಳು ಕ್ರಮೇಣ ಮದುವೆಗೆ ಹೋಗುವುದನ್ನೇ ಬಿಡುತ್ತವೆ. ಹೋಗದ ಮನೆಯನ್ನು ಕರೆಯುವುದು ನಿಲ್ಲುತ್ತದೆ, ಕರೆಯದ ಮನೆಗೆ ಕೈಸಾಲ ಹುಟ್ಟುವುದಿಲ್ಲ. ಬಡತನ ಮೊದಲು ಮನೆಯವರನ್ನು ಒಂಟಿ ಮಾಡುತ್ತದೆ, ಆಮೇಲೆ ಒಂಟಿತನ ಅವರನ್ನು ಇನ್ನಷ್ಟು ಬಡವರನ್ನಾಗಿ ಮಾಡುತ್ತದೆ. ಊರಿನ ಚೀಟಿಗಳದೂ ಇದೇ ಕಥೆ. ಒಬ್ಬ ಕಟ್ಟಲಾಗದೆ ನಿಂತರೆ ಇಪ್ಪತ್ತು ಜನರ ಚೀಟಿ ಮುರಿಯುತ್ತದೆ, ಮುರಿದ ಮೇಲೆ ಆ ಇಪ್ಪತ್ತು ಜನ ಮತ್ತೆ ಒಂದೆಡೆ ಕೂರುವುದಿಲ್ಲ.

ಸಾವಿನ ಮನೆಯಲ್ಲೂ ಇಂಥದ್ದೇ ಆಯಿತು. 2021ರ ಜೂನ್‌ನಲ್ಲಿ ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಬೆಂಗಳೂರಿನ ಚಿತಾಗಾರಗಳಲ್ಲಿ ವಾರಸುದಾರರು ಒಯ್ಯದೆ ಉಳಿದಿದ್ದ ಐನೂರಕ್ಕೂ ಹೆಚ್ಚು ಅಸ್ಥಿಗಳನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿದರು. ಒಯ್ಯದ ಮನೆಗಳು ಕಟುಕರ ಮನೆಗಳಲ್ಲ. ಕೆಲವು ಮನೆಗಳಲ್ಲಿ ಉಳಿದವರೂ ಆಸ್ಪತ್ರೆಯಲ್ಲಿದ್ದರು, ಕೆಲವರಿಗೆ ಬರುವ ದಾರಿ ಇರಲಿಲ್ಲ, ಕೆಲವರಿಗೆ ಹೆದರಿಕೆ. ತಿಥಿಗೆ ನೆಂಟರು ಸೇರಿದ ದಿನವೇ ನಮ್ಮಲ್ಲಿ ವಿಧವೆಯ ಮುಂದಿನ ಬದುಕಿನ ಮಾತುಕತೆ ನಡೆಯುತ್ತದೆ: ಹೊಲ ಯಾರು ಉಳುತ್ತಾರೆ, ಹುಡುಗನನ್ನು ಯಾವ ಮಾವ ಕರೆದುಕೊಂಡು ಹೋಗುತ್ತಾನೆ, ಅಣ್ಣತಮ್ಮಂದಿರ ಭಾಗ ಹೇಗೆ. ತಿಥಿಯೇ ನಡೆಯದ ಮನೆಗಳಲ್ಲಿ ಆ ಮಾತೂ ನಡೆಯಲಿಲ್ಲ.

ಪರಿಹಾರಕ್ಕೆ ಮತ್ತೆ ಕಾಗದ. ಬಿಪಿಎಲ್ ಮನೆಯಲ್ಲಿ ದುಡಿಯುವವರು ತೀರಿಕೊಂಡಿದ್ದರೆ ರಾಜ್ಯದಿಂದ ಒಂದು ಲಕ್ಷ. ಸುಪ್ರೀಂ ಕೋರ್ಟ್ ಒತ್ತಾಯದ ಮೇಲೆ ವಿಪತ್ತು ನಿಧಿಯಿಂದ ಐವತ್ತು ಸಾವಿರ. ಪರೀಕ್ಷೆಯ ದಿನದಿಂದ ಮೂವತ್ತು ದಿನದೊಳಗಿನ ಸಾವನ್ನು ಕೋವಿಡ್ ಸಾವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ನಿಯಮ ಉದಾರವಾಗಿಯೇ ಇತ್ತು. ಆದರೆ ಪರೀಕ್ಷೆಯೇ ಆಗದೆ ಹಳ್ಳಿಯ ಮನೆಯಲ್ಲಿ ಜ್ವರ, ಉಬ್ಬಸ ಎಂದು ಹೋದವರಿಗೆ ದಿನ ಎಣಿಸುವುದು ಎಲ್ಲಿಂದ? ಗುಜರಾತಿನಲ್ಲಿ ಸರ್ಕಾರಿ ಲೆಕ್ಕದ ಸಾವು ಹತ್ತು ಸಾವಿರದ ಆಸುಪಾಸಿದ್ದರೆ, ಪರಿಹಾರ ಕೋರಿ ಬಂದ ಅರ್ಜಿಗಳು ಎಂಬತ್ತು ಸಾವಿರ ದಾಟಿದವು. ಅರ್ಜಿ ಹಾಕಲೂ ತಿಳಿಯದವರು ಈ ಎರಡು ಲೆಕ್ಕದಲ್ಲೂ ಇಲ್ಲ.

ಮಕ್ಕಳ ವಿಚಾರವನ್ನು ಬಹಳ ಜನ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ. ಅಸರ್ ಎಂಬ ಶಿಕ್ಷಣ ಸಮೀಕ್ಷೆಯಂತೆ ಕರ್ನಾಟಕದ ಗ್ರಾಮೀಣ ಶಾಲೆಗಳ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19, ಶಾಲೆ ಮುಚ್ಚಿದ್ದ ಕಾಲದ ಸಮೀಕ್ಷೆಯಲ್ಲಿ ಸುಮಾರು 10. ವಿದ್ಯಾಗಮ ಬಂತು, ವಠಾರ ಶಾಲೆ ನಡೆಯಿತು, ಆಮೇಲೆ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವೂ ಬಂತು. 2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ಎಸ್ಸೆಸ್ಸೆಲ್ಸಿ ಬರೆಯುವುದು 2030ರಲ್ಲಿ. ಆ ಫಲಿತಾಂಶ ಕೆಟ್ಟರೆ ಮೇಷ್ಟರನ್ನು ಬೈಯುತ್ತೇವೆಯೇ ಹೊರತು ಮುಚ್ಚಿದ್ದ ಶಾಲೆಯನ್ನು ನೆನೆಸಿಕೊಳ್ಳುವುದಿಲ್ಲ.

ನೆನಪು ಹೀಗೆ ಕಳಚಿಕೊಳ್ಳುವುದು ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದರ ಬೆನ್ನಿಗೆ ಮಲ್ಲೇಶ್ವರ, ಬಸವನಗುಡಿಗಳು ಅಗಲ ರಸ್ತೆಯ ಬಡಾವಣೆಗಳಾಗಿ ಬೆಳೆದವು. ಊರು ಚೇತರಿಸಿಕೊಂಡ ಕಥೆ ಎಲ್ಲ ಪುಸ್ತಕಗಳಲ್ಲಿದೆ. ಪೇಟೆಯ ಇಕ್ಕಟ್ಟಿನಲ್ಲಿ ದುಡಿಯುವವರನ್ನು ಕಳೆದುಕೊಂಡ ಮನೆಗಳು ಎಷ್ಟು ವರ್ಷಕ್ಕೆ ಎದ್ದು ನಿಂತವು ಎಂಬುದನ್ನು ಯಾರೂ ಬರೆದಿಡಲಿಲ್ಲ. 1918ರ ಇನ್‌ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಕೊಂದಿತು, 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯೇ ಇಳಿಯಿತು. ನಮ್ಮ ಅಜ್ಜಿಯರ ಬಾಯಲ್ಲಿ ಅದು ‘ಆ ಜ್ವರದ ವರ್ಷ’ ಎನ್ನುವುದಕ್ಕಿಂತ ಹೆಚ್ಚು ಉಳಿಯಲಿಲ್ಲ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಬಂದಾಗ ಬಿಟ್ಟಿ ಭಾಗ್ಯವೆಂದು ಹೀಗಳೆದವರು ಬಹಳ. ಚುನಾವಣೆಯ ಲೆಕ್ಕಾಚಾರ ಅದರಲ್ಲಿ ಇತ್ತೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ, ಹಣ ತಿಂಗಳಾನುಗಟ್ಟಲೆ ತಡವಾಗುವುದೂ ಉಂಟು. ಆದರೆ 2020ರಲ್ಲಿ ಮನೆಗಳಿಗೆ ಬೇಕಾಗಿದ್ದದ್ದು ಇದೇ ಬಗೆಯದು: ತೀರಿಸಬೇಕಿಲ್ಲದ್ದು, ಒಂದೇ ಸಲಕ್ಕೆ ಮುಗಿಯದ್ದು, ಹೆಂಗಸಿನ ಖಾತೆಗೆ ಬರುವಂಥದ್ದು. ಮೂರು ವರ್ಷ ತಡವಾಗಿ ಬಂದ ಕಾರಣ ಎಷ್ಟೋ ಮನೆಗಳಲ್ಲಿ ಅದು ಸೀದಾ ಸಂಘದ ಕಂತಿಗೆ ಹೋಗುತ್ತದೆ. ಆರು ತಿಂಗಳು ಮನೆಯೊಂದಕ್ಕೆ ಎರಡು ಸಾವಿರ ಆಗಲೇ ಸಿಕ್ಕಿದ್ದರೆ ಹನ್ನೆರಡು ಸಾವಿರವಾಗುತ್ತಿತ್ತು. ಹನ್ನೆರಡು ಸಾವಿರಕ್ಕೆ ಅಡವು ಬಿದ್ದ ಓಲೆಗಳು ಎಷ್ಟಿದ್ದವು!

ಇದನ್ನೆಲ್ಲ ಖಚಿತವಾಗಿ ಅಳೆಯಬಹುದಾದ ಸಾಧನ ನಮ್ಮಲ್ಲಿ ಇಲ್ಲದೆ ಇಲ್ಲ. ಮನೆಗಳ ಆಸ್ತಿ ಎಷ್ಟು, ಸಾಲ ಎಷ್ಟು ಎಂದು ಕೇಂದ್ರ ಸರ್ಕಾರ ದೇಶವ್ಯಾಪಿ ಸಮೀಕ್ಷೆ ಮಾಡುತ್ತದೆ. ಕೊನೆಯ ಸಲ ಮಾಡಿದ್ದು 2019ರಲ್ಲಿ; ಆಗ ಗ್ರಾಮೀಣ ಮನೆಗಳಲ್ಲಿ ಶೇ 35ರಷ್ಟು ಸಾಲದಲ್ಲಿದ್ದವು. ಮಹಾಮಾರಿಗೆ ಮುಂಚಿನ ಚಿತ್ರ ಕೈಯಲ್ಲಿದೆ, ನಂತರದ್ದು ಇನ್ನೂ ಜನರ ಮುಂದೆ ಬಂದಿಲ್ಲ. 2021ರ ಜನಗಣತಿಯೂ ನಡೆಯಲಿಲ್ಲ. ಮುಂದಿನ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ 2020ರಿಂದ ಈಚೆಗೆ ಮಾರಿದ, ಹರಾಜಿಗೆ ಹೋದ, ಇನ್ನೂ ಅಡವಿನಲ್ಲಿರುವ ಆಸ್ತಿಯ ಬಗ್ಗೆ ನಾಲ್ಕು ಸಾಲು ಸೇರಿಸಿದರೆ ಸಾಕು, ಚೇತರಿಕೆಯ ಬಗ್ಗೆ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಕಾನೂನಿನ ಮಾತು. ಲಾಕ್‌ಡೌನ್ ಹೇರಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ. ತೀವ್ರ ವಿಪತ್ತಿನಲ್ಲಿ ಸಿಕ್ಕವರಿಗೆ ಸಾಲ ಮರುಪಾವತಿಯಲ್ಲಿ ವಿನಾಯಿತಿ ಕೊಡಿ ಎಂದು ಶಿಫಾರಸು ಮಾಡುವ ಅಧಿಕಾರ ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ರಾಷ್ಟ್ರೀಯ ಪ್ರಾಧಿಕಾರಕ್ಕೆ ಇತ್ತು. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿದು ಮನೆಮಠ ಕಳೆದುಕೊಂಡವರ ಸಾಲ ಮನ್ನಾದ ಪ್ರಶ್ನೆ ಕೇರಳ ಹೈಕೋರ್ಟಿನ ಮುಂದೆ ಬಂದಾಗ ಈ ಸೆಕ್ಷನ್ನಿನ ಮಾತು ಬಂತು. ಅಂಥ ಅಧಿಕಾರ ಈಗ ನಮಗಿಲ್ಲ ಎಂದು ಕೇಂದ್ರ ಉತ್ತರ ಕೊಟ್ಟಿತು, ಏಕೆಂದರೆ 2025ರ ತಿದ್ದುಪಡಿಯಲ್ಲಿ 13ನೇ ಸೆಕ್ಷನ್ನನ್ನೇ ಕಾಯ್ದೆಯಿಂದ ಕೈಬಿಡಲಾಗಿತ್ತು. ಜನರನ್ನು ಮನೆಯೊಳಗೆ ಕೂರಿಸುವ ಅಧಿಕಾರ ಕೊಡುವ ಸೆಕ್ಷನ್‌ಗಳು ಇದ್ದಲ್ಲೇ ಇವೆ.